ಅವರದು ಡ್ಯಾನಿಶ್, ನನ್ನದು ಸ್ವೀಡಿಶ್

ನಾನಿರುವುದು ಸ್ವೀಡನ್ನಿನ ಮಾಲ್ಮೋದಲ್ಲಿ, ಕೆಲಸ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಸೇತುವೆ ದಾಟಿದರೆ ದೇಶವೂ ಬೇರೆ, ಭಾಷೆಯೂ ಬೇರೆ. ಆದರೆ ಆಫೀಸಿನಲ್ಲಿ ನಾನು ಸ್ವೀಡಿಶ್ ಬಿಡುವುದಿಲ್ಲ. ಪಕ್ಕದ ಮೇಜಿನವರು ಡ್ಯಾನಿಶ್‌ನಲ್ಲೇ ಉತ್ತರ ಕೊಡುತ್ತಾರೆ. ಮಾತು ಆರಾಮಾಗಿ ಸಾಗುತ್ತದೆ. ನನಗಿದು ತುಂಬಾ ಇಷ್ಟ.

ಓದುವಾಗ ಕಷ್ಟ ಕಮ್ಮಿ. ಕೇಳುವಾಗಲೇ ಪೇಚಾಟ. ಬರೆದ ಅಕ್ಷರಗಳಲ್ಲಿ ಎಷ್ಟೋ ಡ್ಯಾನಿಶರ ಬಾಯಲ್ಲಿ ಕರಗಿಹೋಗುತ್ತವೆ. ಊಟಕ್ಕೆ ಅವರು 'ಮಾಡ್' ಎಂದು ಬರೆಯುತ್ತಾರೆ, ನನ್ನ ಕಿವಿಗೆ ಬೀಳುವುದು 'ಮಾಲ್' ಥರ!

ಸಂಖ್ಯೆಗಳಂತೂ ಇನ್ನೂ ಕಷ್ಟ. ಸ್ವೀಡಿಶ್‌ನಲ್ಲಿ 50 ಅಂದರೆ 'ಫೆಮ್ಟಿಯೊ', ಅಂದರೆ ಐದು ಹತ್ತು. ಡ್ಯಾನಿಶ್‌ನಲ್ಲಿ 'ಹಾಲ್‌ಟ್ರೆಸ್'. ಅದರ ಮೂಲ ಎರಡೂವರೆ ಇಪ್ಪತ್ತು. ಇಪ್ಪತ್ತರ ಲೆಕ್ಕ, ಅಷ್ಟೇ. ಒಮ್ಮೆ 50ನೇ ಕೊಠಡಿ ಅಂದಿದ್ದನ್ನು 30 ಅಂದುಕೊಂಡು ಬೇರೆ ಬಾಗಿಲ ಮುಂದೆ ಕಾದಿದ್ದೆ.

'ರೋಲಿಗ್' ಪದ ಎರಡೂ ಕಡೆ ಇದೆ. ನಮ್ಮಲ್ಲಿ ತಮಾಷೆ, ಅವರಲ್ಲಿ ಶಾಂತ. ಸಹೋದ್ಯೋಗಿ ತನ್ನ ಮಗು ರಾತ್ರಿಯಿಡೀ 'ರೋಲಿಗ್' ಆಗಿತ್ತು ಅಂದಾಗ ನಾನು ನಕ್ಕುಬಿಟ್ಟೆ. ಪಾಪ, ಮಗು ಸುಮ್ನೆ ಮಲಗಿತ್ತು ಅಂತ ಅವರು ಹೇಳಿದ್ದು.

ಈಗ ಅವರು ನನಗೆ ಸಂಖ್ಯೆ ಹೇಳುವಾಗ ಬೆರಳಿನಿಂದ ಮೇಜಿನ ಮೇಲೆ ಬರೆದೂ ತೋರಿಸುತ್ತಾರೆ.