ಬೆಲ್ಟು ಸಡಿಲಾದ ಟೇಪ್ ರೆಕಾರ್ಡರ್

ಬದಿಯಡ್ಕ, 14 ಜುಲೈ 2024, ಭಾನುವಾರ

ಬೆಳಗಿನಿಂದ ಬಿಡದ ಮಳೆ. ಅಡಿಕೆಗೆ ಮದ್ದು ಬಿಡುವ ಕೆಲಸ ಇಂದೂ ಆಗಲಿಲ್ಲ. ಚಾವಡಿಯಲ್ಲಿ ಸೋದರಳಿಯ ಲ್ಯಾಪ್‌ಟಾಪಿನಲ್ಲಿ ಹಾಕಿದ್ದ ಹಾಡನ್ನು ಕೇಳಿ, ಒಳಗಿನ ಹಳೆಯ ಟೇಪ್ ರೆಕಾರ್ಡರನ್ನು ಯಾರೋ ಹಾಕಿದ್ದಾರೆಂದೇ ಭಾವಿಸಿದೆ. ಬೆಲ್ಟು ಸಡಿಲಾದ ಮೇಲೆ ಅದರಲ್ಲಿ ಯಕ್ಷಗಾನ ಹಾಡುವ ಭಾಗವತರ ಸ್ವರ ಹೀಗೆಯೇ ತಗ್ಗಿ, ಎಳೆದೆಳೆದು ಬರುತ್ತದೆ. “ಹಾಳಾದದ್ದಲ್ಲ ಮಾವ, ಬೇಕೆಂದೇ ಹೀಗೆ ಮಾಡಿದ್ದು” ಎಂದ ಅವನು.

ಆ ಬಗೆಯ ಸಂಗೀತದ ಹೆಸರು ವೇಪರ್‌ವೇವ್. ಬರುತ್ತದೆಂದು ಸಾರಿ ಕೊನೆಗೂ ಬಾರದ ಸಾಫ್ಟ್‌ವೇರಿಗೆ ಕಂಪ್ಯೂಟರಿನವರು ವೇಪರ್‌ವೇರ್ ಎನ್ನುತ್ತಾರೆ. ಆ ಮಾತನ್ನೇ ತಿರುಚಿ ಇಟ್ಟ ಹೆಸರಿದು. 2010ರಲ್ಲಿ ಅಮೆರಿಕದ ಡೇನಿಯಲ್ ಲೊಪಾಟಿನ್ ಅವರು ‘ಚಕ್ ಪರ್ಸನ್’ ಎಂಬ ಮರೆಹೆಸರಿನಲ್ಲಿ, ಹಳೆಯ ಪಾಪ್ ಹಾಡುಗಳ ತುಣುಕುಗಳನ್ನು ನಿಧಾನಗೊಳಿಸಿ, ಪ್ರತಿಧ್ವನಿ ಬೆರೆಸಿ, ಒಂದೇ ಸಾಲು ಸುತ್ತಿ ಸುತ್ತಿ ಬರುವಂಥ ಆಲ್ಬಮ್ಮೊಂದನ್ನು ತಂದರು. 2011ರ ಡಿಸೆಂಬರಿನಲ್ಲಿ ವೆಕ್ಟ್ರಾಯ್ಡ್ ಎಂಬ ಕಲಾವಿದೆ, ‘ಮ್ಯಾಕಿಂತೋಷ್ ಪ್ಲಸ್’ ಎಂಬ ಇನ್ನೊಂದು ಹೆಸರಿನಲ್ಲಿ, ‘ಫ್ಲೋರಲ್ ಶಾಪ್’ ಹೊರತಂದ ಮೇಲೆ ಈ ಪ್ರಕಾರ ಜನರ ಬಾಯಿಗೆ ಬಿತ್ತು. ನಾನು ಕೇಳಿದ್ದು ಅದರದೇ ಹಾಡು. ಡಯಾನಾ ರಾಸ್ 1984ರಲ್ಲಿ ಹಾಡಿದ ಗೀತೆಯನ್ನು ನಿಧಾನಗೊಳಿಸಿದ್ದು. ವೇಗದೊಡನೆ ಶ್ರುತಿಯೂ ಇಳಿಯುವುದರಿಂದ ಆಕೆಯ ಕಂಠ ಗಂಡಸಿನದಾಗಿಬಿಟ್ಟಿದೆ.

ತೆಂಕು, ಬಡಗು ಎಂದು ದಿಕ್ಕಿನಿಂದಲೇ ಯಕ್ಷಗಾನದಾಟದ ತಿಟ್ಟನ್ನು ಗುರುತಿಸುವ ನಮಗೆ ಇದರ ಊರು ಯಾವುದೆಂಬ ಪ್ರಶ್ನೆ ಸಹಜ. ಹೌಸ್ ಸಂಗೀತಕ್ಕೆ ಶಿಕಾಗೊ ಇದೆ, ಟೆಕ್ನೊಗೆ ಡೆಟ್ರಾಯ್ಟ್ ಇದೆ. ಇದಕ್ಕೆ ರಂಗಸ್ಥಳವೂ ಇಲ್ಲ, ಮೇಳವೂ ಇಲ್ಲ. ಕೋಣೆಯಲ್ಲಿ ಒಬ್ಬರೇ ಕುಳಿತು ಮಾಡಿ, ಹಾಡು ಹಂಚುವ ಜಾಲತಾಣವಾದ ಬ್ಯಾಂಡ್‌ಕ್ಯಾಂಪಿಗೆ ಏರಿಸಿ, ಜಪಾನೀ ಲಿಪಿಯಲ್ಲಿ ಶೀರ್ಷಿಕೆ ಕೊಟ್ಟರೆ, ಮಾಡಿದವರು ಯಾವ ದೇಶದವರೆಂಬುದೂ ಕೇಳುಗನಿಗೆ ತಿಳಿಯದು. ಪರರ ಹಾಡನ್ನು ಹೀಗೆ ಎತ್ತಿಕೊಳ್ಳುವುದು ನ್ಯಾಯವೇ ಎಂದು ಕೇಳಿದ್ದಕ್ಕೆ ಅಳಿಯ ಉತ್ತರ ಕೊಡಲಿಲ್ಲ.

ಆದರೂ ಉಪಾಯ ಚೆನ್ನಾಗಿದೆ ಎಂದೇ ಹೇಳಬೇಕು. ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಜಾಹೀರಾತಿನ ಹಿಂದೆ ಹರಿದುಹೋಗುತ್ತಿದ್ದ, ಯಾರೂ ಕಿವಿಗೊಡದ ಸಂಗೀತವನ್ನೂ ಇವರು ಎತ್ತಿಕೊಂಡು ನಿಧಾನಗೊಳಿಸುತ್ತಾರೆ. ನಿಧಾನವಾದೊಡನೆ ಅದು ಕಿವಿಗೆ ಬೀಳತೊಡಗುತ್ತದೆ. ಭಾಗವತಿಕೆಗೆ ಈ ಮದ್ದು ನಾಟದು. ಅಲ್ಲಿ ಕಾಲವನ್ನು ಏರಿಸುವವರೂ ಇಳಿಸುವವರೂ ಭಾಗವತರೇ. ಯಂತ್ರ ನಡುವೆ ಕೈಹಾಕಿದರೆ ಚೆಂಡೆಯ ಪೆಟ್ಟುಗಳು ಒಂದನ್ನೊಂದು ಬಿಟ್ಟು ದೂರ ನಿಲ್ಲುತ್ತವೆ.

ಅಳಿಯ ಹೊಸ ಬೆಲ್ಟನ್ನು ಇಂಟರ್‌ನೆಟ್ಟಿನಲ್ಲಿ ತರಿಸುವನಂತೆ. ಅದಕ್ಕೆ ಮೊದಲು ಸಡಿಲು ಸ್ವರವನ್ನೊಮ್ಮೆ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲು ಕ್ಯಾಸೆಟ್ಟು ಕೇಳಿದ. ಆಟಕ್ಕೆ ಬಂದವರು ಚಾಪೆ ಬಿಡಿಸಿ ಕುಳಿತುಕೊಳ್ಳುವ ಹೊತ್ತಿನ, ಕಥೆಗೆ ಮುಂಚಿನ ಸಭಾಲಕ್ಷಣದ್ದನ್ನು ಕೊಟ್ಟೆ, ಪ್ರಸಂಗದ್ದನ್ನು ಕೊಡಲಿಲ್ಲ.