ಪ್ರಾರ್ಥನೆ ಮಾಡ್ತೀನಿ ಅಂದಿದ್ದೆ

ಕಳೆದ ತಿಂಗಳು ಬೆಟಗೇರಿಯಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಗುರುವಾರ ಅವರಿಗೆ ಕಣ್ಣಿನ ಆಪರೇಷನ್. "ಪ್ರಾರ್ಥನಾದಾಗ ನೆನಸ್ಕೋ" ಅಂದರು. "ಖಂಡಿತ ಪ್ರಾರ್ಥನೆ ಮಾಡ್ತೀನಿ" ಅಂದೆ. ನಾವು ಕ್ರೈಸ್ತರು ಫೋನ್ ಇಡುವಾಗ ಎಷ್ಟೋ ಸಲ ಹೇಳುವ ಮಾತು ಇದು. ಶನಿವಾರ ಅವರೇ ಮತ್ತೆ ಫೋನ್ ಮಾಡಿ, "ಎಲ್ಲಾ ಛಲೋ ಆತವ್ವಾ, ನಿಮ್ಮೆಲ್ಲಾರ ಪ್ರಾರ್ಥನಾದಿಂದ" ಅಂದಾಗ ನನಗೆ ಮಾತೇ ಹೊರಡಲಿಲ್ಲ. ಒಂದು ಸಲವೂ ಪ್ರಾರ್ಥಿಸಿರಲಿಲ್ಲ. ಗುರುವಾರ ಆಪರೇಷನ್ ಅನ್ನೋದೇ ಮರೆತುಹೋಗಿತ್ತು.

ಪುರುಸೊತ್ತಿರಲಿಲ್ಲ ಅಂತ ಹೇಳಬಹುದು. ಆದರೆ ಬುಧವಾರ ರಾತ್ರಿ ಒಂದು ಗಂಟೆ ಮೊಬೈಲ್ ನೋಡುತ್ತಾ ಸುಮ್ನೆ ಮಲಗಿದ್ದೆ. ಕಾರಣ ಬೇರೆಯೇ ಇದೆ ಅನ್ಸುತ್ತೆ. ಎರಡು ದಿನ ಪ್ರಾರ್ಥನೆ ತಪ್ಪುತ್ತದೆ. ಮೂರನೇ ದಿನ ದೇವರ ಮುಂದೆ ಕೂರಲು ನಾಚಿಕೆ. ಬಹಳ ದಿನ ಮಾತಾಡಿಸದ ಹತ್ತಿರದವರಿಗೆ ಫೋನ್ ಮಾಡಲು ಹಿಂಜರಿಯುತ್ತೇವಲ್ಲ, ಹಾಗೆ. ಸರಿಯಾಗಿ ಕೂತು, ಕ್ಷಮೆ ಕೇಳಿ, ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಅಧ್ಯಾಯ ಓದಿ, ಅರ್ಧ ಗಂಟೆಯಾದರೂ ಪ್ರಾರ್ಥಿಸಬೇಕು ಅಂದುಕೊಂಡು ಭಾನುವಾರಕ್ಕೆ ಮುಂದೂಡುತ್ತೇನೆ. ಅದರಲ್ಲಿ ಅಪೊಸ್ತಲ ಪೌಲನು ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ "ಎಡೆಬಿಡದೆ ಪ್ರಾರ್ಥನೆಮಾಡಿರಿ" ಅನ್ನೋ ಮಾತು ಕಣ್ಣಿಗೆ ಬಿದ್ದರೆ ತೀರಿಸದ ಸಾಲ ನೆನಪಾದ ಹಾಗೆ ಆಗುತ್ತದೆ.

ಅಜ್ಜಿಯ ಮನೆಯಲ್ಲಿ ಈ ಕಷ್ಟ ಇರಲಿಲ್ಲ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಕಾಲದ ಎಷ್ಟೋ ಮನೆಗಳ ಹಾಗೆ ಅಲ್ಲೂ ದಿನಾ ಕುಟುಂಬ ಪ್ರಾರ್ಥನೆ. ರಾತ್ರಿ ಎಂಟಕ್ಕೆ ಚಾಪೆ ಹಾಸಿಯೇ ಬಿಡುತ್ತಿದ್ದರು. ಒಂದು ಕೀರ್ತನೆ, ಅಜ್ಜ ಓದುವ ಅಧ್ಯಾಯ, ಆಮೇಲೆ ಅಜ್ಜಿಯ ಉದ್ದನೆಯ ಪ್ರಾರ್ಥನೆ. ಅದರಲ್ಲಿ ಓಣಿಯ ಬಾಣಂತಿ, ಯಾರದೋ ಪರೀಕ್ಷೆ, ಹಾಲು ಕೊಡದ ಎಮ್ಮೆ ಎಲ್ಲಾ ಬರುತ್ತಿದ್ದವು. ನಾವು ಮಕ್ಕಳು ಅಷ್ಟರಲ್ಲಿ ತೂಕಡಿಸುತ್ತಿದ್ದೆವು. ಕೊನೆಗೆ ಎಲ್ಲರೂ ಒಟ್ಟಿಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದಾಗ ಎಚ್ಚರ. ನಿನಗೆ ಇವತ್ತು ಮನಸ್ಸಿದೆಯಾ ಅಂತ ಯಾರೂ ಕೇಳುತ್ತಿರಲಿಲ್ಲ. ನಿದ್ದೆ ಮಾಡಿದ್ದಕ್ಕೆ ಯಾರೂ ಬೈಯಲೂ ಇಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುವಾಗ ಶಿಷ್ಯರೇ ಮಲಗಿಬಿಟ್ಟಿದ್ದರು ಅಲ್ವಾ.

ಬೆಂಗಳೂರಿನ ರೂಮಿನಲ್ಲಿ ಚಾಪೆ ಹಾಸುವವರಿಲ್ಲ. ಯೇಸು ಕಲಿಸಿದ ಆ ಪ್ರಾರ್ಥನೆಯಲ್ಲಿ "ನನ್ನ" ಅನ್ನೋ ಪದ ಒಂದು ಸಲವೂ ಬರುವುದಿಲ್ಲ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪು. ಜೊತೆಯಲ್ಲಿ ಕಲಿತದ್ದನ್ನು ನಾನು ಇಷ್ಟು ವರ್ಷ ಒಬ್ಬಳೇ ಎಳೆಯಲು ನೋಡುತ್ತಿದ್ದೆ.

ಆ ಶನಿವಾರ ಫೋನ್ ಹಿಡಿದುಕೊಂಡು ಸುಮಾರು ಹೊತ್ತು ಸುಮ್ಮನಿದ್ದೆ. ಆಮೇಲೆ ಹೇಳಿಬಿಟ್ಟೆ. "ದೊಡ್ಡಮ್ಮ, ನಾನು ಪ್ರಾರ್ಥನೆ ಮಾಡಿರಲಿಲ್ಲ. ಮರೆತುಬಿಟ್ಟೆ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾರ ಈಗ ಮಾಡೂಣು. ಫೋನ್ ಇಡಬ್ಯಾಡ" ಅಂದು ಅವರೇ ಶುರು ಮಾಡಿದರು. ಒಲೆಯ ಮೇಲೆ ಹಾಲಿತ್ತು, ಒಲೆ ಆರಿಸಿದೆ. "ಅನುದಿನದ ಆಹಾರ" ಅನ್ನೋ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ದೊಡ್ಡಮ್ಮ ನಿಲ್ಲಿಸಲಿಲ್ಲ, ಹೇಳುತ್ತಾ ಹೋದರು. ಮುಂದಿನ ಸಾಲಿಗೆ ನಾನೂ ಸೇರಿಕೊಂಡೆ.