ಬದಲಾಗದವರು

ಈಗಿನ ಕಥೆಗಳಲ್ಲಿ ನಾಯಕ ಕೊನೆಗೆ ಬದಲಾಗಲೇಬೇಕಂತೆ ಮಾರಾಯ್ರೆ. ಮೊನ್ನೆ ಕಿನ್ನಿಗೋಳಿ ಹತ್ತಿರ ದೇವಿ ಮಹಾತ್ಮೆ ಯಕ್ಷಗಾನ ಆಟ. ಮಹಿಷಾಸುರ ಬಂದದ್ದು ಜನರ ನಡುವಿನಿಂದ. ದೊಂದಿಗೆ ರಾಳದ ಪುಡಿ ಎಸೆದಾಗ ಭುಗ್ಗೆಂದು ಎದ್ದ ಬೆಂಕಿಯ ಬಿಸಿ ನಮ್ಮ ಮುಖಕ್ಕೇ ಹೊಡೆಯಿತು. ಮಕ್ಕಳು ಕುರ್ಚಿ ಬಿಟ್ಟು ಓಟ! ಅವನಿಗೆ ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ, ಅಬ್ಬರಿಸುತ್ತ ಬಂದ, ಅಬ್ಬರಿಸುತ್ತಲೇ ಸತ್ತ. ಯಾರಿಗೂ ಬೋರಾಗಲಿಲ್ಲ.

ಗದಾಯುದ್ಧದ ಕೌರವನೂ ಹಾಗೇ. ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ಭೀಮನ ಮೂದಲಿಕೆಗೆ ಎದ್ದು ಬಂದದ್ದು ಅದೇ ಹಳೇ ಛಲದಿಂದ. ತೊಡೆ ಮುರಿಯಿತು, ಛಲ ಮುರಿಯಲಿಲ್ಲ. ಅವನಿಗೆ ನಡುವೆ ಬುದ್ಧಿ ಬಂದಿದ್ದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಳು ಏನು ಮಾತಾಡಬೇಕಿತ್ತು? ಬದಲಾಗುವ ಕೆಲಸವೆಲ್ಲ ಧರ್ಮರಾಯನದು. ಯುದ್ಧ ಗೆದ್ದ ಮೇಲೆ ರಾಜ್ಯವೇ ಬೇಡ ಅಂದನಲ್ಲ.